ಡಿ ಮಾರ್ಗನ್ ವಯಸ್ಸೆಷ್ಟು?

ಲಾಜಿಕ್ ಡಿಸೈನ್‌ನಲ್ಲಿ ನಾವೆಲ್ಲ ಉರು ಹೊಡೆಯೋ ಡಿ ಮಾರ್ಗನ್ ನಿಯಮ ಇದೆಯಲ್ಲ, ಆ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಪಕ್ಕದ ರಾಜ್ಯದ ಮಧುರೈನಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿ ಸೇನೆಯಲ್ಲಿದ್ದರು. ಹಸುಗೂಸಾಗಿದ್ದಾಗಲೇ ಮಗುವಿನ ಒಂದು ಕಣ್ಣು ಹೋಯ್ತು. ಕೆಲವೇ ತಿಂಗಳಲ್ಲಿ ಮನೆಯವರು ಇಂಗ್ಲೆಂಡಿಗೆ ಹೊರಟರು.

ಹುಟ್ಟಿದ ಇಸವಿ ಬೇಕಾ? ಅದನ್ನ ಅವರು ಒಗಟಾಗಿ ಹೇಳ್ತಿದ್ದರು: ಎಕ್ಸ್ ವರ್ಗದ ಇಸವಿಯಲ್ಲಿ ತನಗೆ ಎಕ್ಸ್ ವರ್ಷ ಅಂತ. ಸಮೀಕರಣ ಒಂದೇ, ಗೊತ್ತಿಲ್ಲದ್ದು ಎರಡು. ಆದರೂ ಬಿಡಿಸಬಹುದು. 42ರ ವರ್ಗ 1764, 44ರದು 1936. ಅವರ ಕಾಲಕ್ಕೆ ಹೊಂದೋದು 43ರ ವರ್ಗ 1849 ಮಾತ್ರ. 43 ಕಳೆದರೆ 1806. ನಮ್ಮ ಬ್ಯಾಚಿಗೆ ಈ ಯೋಗ ಇಲ್ಲ ಬಿಡಿ. 1980ರಲ್ಲಿ ಹುಟ್ಟಿದವರಿಗೆ 2025ರಲ್ಲಿ 45 ಆಯ್ತು, ಮುಂದಿನ ಸರದಿ 2070ರಲ್ಲಿ ಹುಟ್ಟೋರದು.

ತಮಾಷೆ ಮನುಷ್ಯನೇ, ಆದರೆ ಹಠ ಜಾಸ್ತಿ. ಕೇಂಬ್ರಿಡ್ಜ್‌ನಲ್ಲಿ ನಾಲ್ಕನೇ ರ‍್ಯಾಂಕ್ ಬಂದರೂ, ಧರ್ಮದ ಪ್ರತಿಜ್ಞೆಗೆ ಸಹಿ ಹಾಕಲ್ಲ ಅಂತ ಎಂಎ ಪದವಿಯನ್ನೇ ಬಿಟ್ಟರು. 21ಕ್ಕೇ ಲಂಡನ್‌ನಲ್ಲಿ ಪ್ರೊಫೆಸರ್ ಆದರು. ಸಹೋದ್ಯೋಗಿಯೊಬ್ಬರನ್ನು ಕಾರಣ ಕೊಡದೆ ತೆಗೆದಿದ್ದಕ್ಕೆ 1831ರಲ್ಲಿ ರಾಜೀನಾಮೆ ಕೊಟ್ಟರು, 1836ರಲ್ಲಿ ವಾಪಸ್ ಬಂದರು. 1866ರಲ್ಲಿ ಒಬ್ಬರಿಗೆ ಅವರ ಧಾರ್ಮಿಕ ನಿಲುವಿಗಾಗಿ ಹುದ್ದೆ ತಪ್ಪಿತು ಅನ್ನಿಸಿದಾಗ ಮತ್ತೆ ರಾಜೀನಾಮೆ. ಆಗ ಅವರಿಗೆ 60.