ವೈನು ಬಪ್ಪು ಮತ್ತು ಅವರ ಧೂಮಕೇತು

೧೯೯೭ರ ಚೈತ್ರಮಾಸ. ಸಂಜೆ ಕತ್ತಲು ಇಳಿಯುತ್ತಿದ್ದಂತೆ ಗೋಕಾಕದ ಗುಡ್ಡಗಳ ಮೇಲೆ, ವಾಯವ್ಯ ದಿಕ್ಕಿನಲ್ಲಿ, ಬಾಲಚುಕ್ಕಿಯೊಂದು ಬರಿಗಣ್ಣಿಗೇ ಕಾಣುತ್ತಿತ್ತು. ಅದರ ಹೆಸರು ಹೇಲ್-ಬಾಪ್. ಮೊದಲು ಕಂಡ ಇಬ್ಬರ ಹೆಸರುಗಳನ್ನು ಕೂಡಿಸಿ ಇಟ್ಟುದು. ಹುಕ್ಕೇರಿಯಿಂದ ಬಂದಿದ್ದ ನಮ್ಮ ಸೋದರತ್ತೆ ಅದನ್ನು ಕಂಡು, ಯಾವ ದೊರೆಗೆ ಕೇಡು ಕಾದಿದೆಯೋ ಎಂದು ಬಾಗಿಲು ಹಾಕಿಕೊಂಡರು. ವಿದ್ಯಾರ್ಥಿಯಾಗಿದ್ದ ನಾನಾದರೋ, ಎಲ್ಲಿಯೋ ಓದಿದ್ದ ಬಪ್ಪು ಎಂಬ ಹೆಸರೇ ಪರದೇಶದವರ ಬಾಯಲ್ಲಿ ಬಾಪ್ ಆಗಿರಬೇಕೆಂದು ಊಹಿಸಿ, ಇದನ್ನು ಕಂಡವರು ನಮ್ಮ ದೇಶದವರೇ ಎಂದು ಗೆಳೆಯರ ಮುಂದೆ ಸಾರಿ ನಗೆಗೀಡಾದೆ. ಊಹೆ ತಪ್ಪು, ಆದರೆ ಬಪ್ಪು ಎಂಬವರ ಹೆಸರು ಹೊತ್ತ ಧೂಮಕೇತು ಬೇರೊಂದು ಇದ್ದುದು ನಿಜ.

ವೈನು ಬಪ್ಪು ಹುಟ್ಟಿದ್ದು ೧೯೨೭ರ ಆಗಸ್ಟ್ ೧೦ರಂದು ಮದರಾಸಿನಲ್ಲಿ. ಮನೆತನ ಮಲೆಯಾಳದ ತಲಶ್ಶೇರಿಯದು. ತಂದೆ ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಕೆಲಸದಲ್ಲಿದ್ದುದರಿಂದ, ಬೇರೆ ಮಕ್ಕಳಿಗೆ ಆಟದ ಬಯಲು ಹೇಗೋ ಈ ಒಬ್ಬನೇ ಮಗನಿಗೆ ದೂರದರ್ಶಕದ ಗುಮ್ಮಟ ಹಾಗೆ. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ಕುರಿತು ಲೇಖನಗಳನ್ನು ಪ್ರಕಟಿಸಿದರು. ಮುಂದೆ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ದೊರೆತು, ೧೯೪೯ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ಸೇರಿ ಕೆಲವೇ ತಿಂಗಳಾಗಿದ್ದವು. ಜುಲೈ ೨ರ ರಾತ್ರಿ ಶ್ಮಿಟ್ ದೂರದರ್ಶಕದಿಂದ ನಿತ್ಯದಂತೆ ಆಕಾಶದ ಛಾಯಾಚಿತ್ರ ತೆಗೆಯುವ ಕೆಲಸ ನಡೆದಿತ್ತು. ಆ ಕಾಲದಲ್ಲಿ ಚಿತ್ರ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ. ಮಂದವಾದ ಬೆಳಕನ್ನು ಹಿಡಿಯಲು ಬಹಳ ಹೊತ್ತು ತೆರೆದಿಡಬೇಕಾಗುತ್ತಿತ್ತು. ಭೂಮಿ ತಿರುಗಿದಂತೆ ಯಂತ್ರವೂ ನಕ್ಷತ್ರಗಳನ್ನು ಹಿಂಬಾಲಿಸಿ ತಿರುಗುವುದರಿಂದ ಅವು ಚುಕ್ಕೆಗಳಾಗಿಯೇ ಉಳಿಯುವುವು. ಅವುಗಳ ನಡುವೆ ತನ್ನದೇ ದಾರಿ ಹಿಡಿದು ಸರಿಯುವ ವಸ್ತುವೊಂದಿದ್ದರೆ ಅದು ಮಾತ್ರ ಗೆರೆಯಾಗಿ ಬೀಳುವುದು. ಅಂಥದೊಂದು ಮಸುಕಾದ ಗೆರೆ ಬಪ್ಪು ಅವರ ಕಣ್ಣಿಗೆ ಬಿದ್ದಿತು. ಗುರುಗಳಾದ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜೊತೆಗೂಡಿ ಪರೀಕ್ಷಿಸಿದರು. ಅದು ಹೊಸ ಧೂಮಕೇತು ಎಂಬುದು ಸ್ಥಿರವಾಯಿತು. ಮೂವರ ಹೆಸರಿನಿಂದ ಅದು ಬಪ್ಪು-ಬಾಕ್-ನ್ಯೂಕರ್ಕ್ ಎಂದು ಪ್ರಸಿದ್ಧವಾಯಿತು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿದ್ದ ತರುಣನಿಗೆ ಪೆಸಿಫಿಕ್ ಖಗೋಳ ಸಂಘದ ಡೊನೊಹೊ ಪದಕವೂ ಬಂದಿತು. ಅಂದಿನ ಲೆಕ್ಕದಂತೆ ಆ ಧೂಮಕೇತು ಮರಳಿ ಬರಲು ಸುಮಾರು ೬೦,೦೦೦ ವರ್ಷಗಳು ಬೇಕು.

ಇಂಥ ಕೀರ್ತಿ ಎಳೆಯ ವಯಸ್ಸಿನಲ್ಲಿ ಬಂದರೆ ಮನುಷ್ಯ ಅದರ ಬೆನ್ನು ಹತ್ತುವುದು ಸಹಜ. ಬಪ್ಪು ಬೆನ್ನು ಹತ್ತಲಿಲ್ಲ. ೧೯೫೨ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಕಾರ್ನೆಗೀ ಫೆಲೋ ಆಗಿ ಮೌಂಟ್ ವಿಲ್ಸನ್, ಪಾಲೊಮಾರ್ ವೇಧಶಾಲೆಗಳಿಗೆ ಹೋದರು. ಅಲ್ಲಿ ಓಲಿನ್ ವಿಲ್ಸನ್ನರ ಜೊತೆ ಮಾಡಿದ ಕೆಲಸ ೧೯೫೭ರಲ್ಲಿ ಪ್ರಕಟವಾಯಿತು. ನಕ್ಷತ್ರದ ವರ್ಣಪಟಲದಲ್ಲಿ ಕ್ಯಾಲ್ಸಿಯಂ ತೋರುವ ಒಂದು ಬೆಳಗುವ ಗೆರೆಯ ಅಗಲವನ್ನು ಅಳೆದರೆ ಆ ನಕ್ಷತ್ರದ ನಿಜವಾದ ಕಾಂತಿ ತಿಳಿಯುವುದು. ಕಾಂತಿ ತಿಳಿದರೆ ದೂರವೂ ತಿಳಿಯುವುದು. ಖಗೋಳಶಾಸ್ತ್ರದ ಪಠ್ಯಗಳಲ್ಲಿ ಇದಕ್ಕೆ ವಿಲ್ಸನ್-ಬಪ್ಪು ಪರಿಣಾಮವೆಂದೇ ಹೆಸರು. ಪಂಡಿತರು ಅವರನ್ನು ನೆನೆಯುವುದು ಈ ಶೋಧಕ್ಕಾಗಿ, ಧೂಮಕೇತುವಿಗಾಗಿ ಅಲ್ಲ.

ಅಮೆರಿಕದಲ್ಲಿಯೇ ನಿಂತಿದ್ದರೆ ಜಗತ್ತಿನ ಅತಿ ದೊಡ್ಡ ಕನ್ನಡಿಗಳು ಅವರ ಕೈಯಲ್ಲಿರುತ್ತಿದ್ದವು. ಅವರು ತಿರುಗಿ ಬಂದರು. ಇಲ್ಲಿ ಹೇಳಿಕೊಳ್ಳುವಂಥ ದೂರದರ್ಶಕವೇ ಇರಲಿಲ್ಲ. ಉತ್ತರಪ್ರದೇಶ ಸರಕಾರದ ವೇಧಶಾಲೆಯನ್ನು ನೈನಿತಾಲಿನಲ್ಲಿ ನೆಲೆಗೊಳಿಸಿ, ೧೯೬೦ರಲ್ಲಿ ಕೊಡೈಕೆನಾಲ್ ವೇಧಶಾಲೆಗೆ ನಿರ್ದೇಶಕರಾಗಿ ಬಂದರು. ಕೊಡೈಕೆನಾಲಿಗೆ ಒಂದು ಹಿರಿಯ ಬಳುವಳಿ ಇದ್ದಿತು. ಅದರ ತಾಯಿಬೇರು ಹಳೆಯ ಮದರಾಸು ವೇಧಶಾಲೆ. ಅಲ್ಲಿ ಪಾಗ್‌ಸನ್ ಎಂಬ ಆಂಗ್ಲ ವಿದ್ವಾಂಸರು ೧೮೬೧ರಲ್ಲಿ ಒಂದು ಕಿರುಗ್ರಹವನ್ನು ಕಂಡುಹಿಡಿದು, ಈ ಖಂಡದಿಂದ ಕಂಡ ಮೊದಲನೆಯದೆಂದು ಅದಕ್ಕೆ ಏಷಿಯಾ ಎಂದು ಹೆಸರಿಟ್ಟಿದ್ದರು. ಅವರ ಕೊನೆಯ ಶೋಧ ೧೮೮೫ರದು. ಆಮೇಲೆ ಆ ಎಳೆ ಕಡಿದುಹೋಯಿತು. (ಕಿರುಗ್ರಹಕ್ಕೆ ನಮ್ಮ ಪಠ್ಯಪುಸ್ತಕಗಳು ಕ್ಷುದ್ರಗ್ರಹವೆನ್ನುತ್ತವೆ. ಸಂಸ್ಕೃತದಲ್ಲಿ ಕ್ಷುದ್ರವೆಂದರೆ ಸಣ್ಣದೆಂದೂ ಅರ್ಥವಿದೆ. ಕನ್ನಡ ಕಿವಿಗೆ ಮಾತ್ರ ಅದು ಬೈಗುಳದಂತೆ ಕೇಳುವುದು. ಪಾಪ, ಆ ಕಲ್ಲುಗಳು ಮಾಡಿದ ತಪ್ಪೇನು?)

ಕೊಡೈಕೆನಾಲ್ ಸೂರ್ಯನನ್ನು ನೋಡಲು ಒಳ್ಳೆಯ ಸ್ಥಳ, ಇರುಳಿನ ಆಕಾಶಕ್ಕೆ ಅಲ್ಲ. ಬೇರೆ ಸ್ಥಳವನ್ನು ಅರಸಿದ ಬಪ್ಪು, ಬೆಂಗಳೂರಿನ ಆಗ್ನೇಯಕ್ಕೆ ಜವಾದಿ ಬೆಟ್ಟಗಳ ಕಾಡಿನಲ್ಲಿ ಕಾವಲೂರೆಂಬ ಹಳ್ಳಿಯನ್ನು ಆರಿಸಿದರು. ೧೯೬೮ರಲ್ಲಿ, ತಮ್ಮದೇ ಕಾರ್ಯಾಗಾರದಲ್ಲಿ ಮಾಡಿಸಿದ ೩೮ ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ ಅಲ್ಲಿ ಕೆಲಸ ಮೊದಲಾಯಿತು. ೧೯೭೨ರಲ್ಲಿ ಜರ್ಮನಿಯ ೧೦೨ ಸೆಂಟಿಮೀಟರಿನದು ಬಂದಿತು. ೧೯೭೧ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಕೆಲವು ವರ್ಷಗಳಲ್ಲಿ ಬೆಂಗಳೂರಿನ ಕೋರಮಂಗಲಕ್ಕೆ ಬಂದಿತು. ಹೀಗೆ ಬಪ್ಪು ಕನ್ನಡ ನಾಡಿನವರಾದರು.

೧೯೭೭ರ ಮಾರ್ಚ್ ೧೦ರಂದು ಯುರೇನಸ್ ಗ್ರಹವು ದೂರದ ನಕ್ಷತ್ರವೊಂದರ ಮುಂದೆ ಹಾಯ್ದುಹೋಗುವುದಿತ್ತು. ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಕಾದು ಕುಳಿತಿದ್ದರು. ಗ್ರಹ ಅಡ್ಡ ಬರುವ ಮುನ್ನವೇ ನಕ್ಷತ್ರದ ಬೆಳಕು ಕೆಲವು ಕ್ಷಣ ಕುಂದಿತು. ಹೊಸ ಉಪಗ್ರಹವಿರಬೇಕೆಂದು ಅವರು ಬರೆದರು. ವಿಮಾನದಲ್ಲಿ ದೂರದರ್ಶಕವಿಟ್ಟುಕೊಂಡು ನೋಡಿದ ಅಮೆರಿಕದವರಿಗೆ ಅಂಥ ಕುಂದು ಎರಡು ಬದಿಗೂ ಅನೇಕ ಸಲ ಕಂಡಿದ್ದರಿಂದ, ಅದು ಉಪಗ್ರಹವಲ್ಲ, ಯುರೇನಸ್ಸನ್ನು ಸುತ್ತುವರಿದ ಉಂಗುರಗಳೆಂದು ನಿರ್ಧಾರವಾಯಿತು. ಅಸಂಖ್ಯ ಸಣ್ಣ ತುಣುಕುಗಳಿಂದಾದ ಉಂಗುರಗಳವು. ಕಾವಲೂರು ಅರ್ಥ ಮಾಡುವಲ್ಲಿ ಎಡವಿತೆನ್ನಬಹುದು; ಕಾಣುವಲ್ಲಿ ಎಡವಲಿಲ್ಲ.

೧೯೮೦ರ ಫೆಬ್ರುವರಿ ೧೬ರ ಪೂರ್ಣ ಸೂರ್ಯಗ್ರಹಣದ ಪಟ್ಟಿ ಕಾರವಾರದಿಂದ ರಾಯಚೂರಿನತ್ತ ಹಾಯ್ದಿತು. ಬಪ್ಪು ಅವರ ಸಂಸ್ಥೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಯಂತ್ರಗಳನ್ನು ಹೂಡಿತು. ಪಟ್ಟಿಯ ಉತ್ತರಕ್ಕೆ ಉಳಿದ ನಮ್ಮ ಗೋಕಾಕ, ಮೂಡಲಗಿಗಳಲ್ಲಿ ಗ್ರಹಣ ಪೂರ್ಣವಾಗಲಿಲ್ಲ. ಆದರೂ ಆ ಮಧ್ಯಾಹ್ನ ಓಣಿಗಳಲ್ಲಿ ನರಪಿಳ್ಳೆಯೂ ಇರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಸೋದರತ್ತೆಯ ಬಾಗಿಲು ಅಂದೂ ಮುಚ್ಚಿದ್ದಿತು.

ಅವರ ಕೊನೆಯ ಹಂಬಲ ೨೩೪ ಸೆಂಟಿಮೀಟರಿನ ದೂರದರ್ಶಕ. ಅದನ್ನು ಕೊಂಡು ತರಬಹುದಿತ್ತು. ನಮ್ಮವರೇ ಮಾಡಬೇಕೆಂಬುದು ಬಪ್ಪು ಅವರ ಹಟ. ಕನ್ನಡಿಯನ್ನು ಬೆಂಗಳೂರಿನಲ್ಲಿಯೇ ಉಜ್ಜಿ ನಯಮಾಡಲಾಯಿತು. ವರ್ಷಗಳು ಹಿಡಿದವು. ೧೯೭೯ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ೧೯೮೨ರ ಆಗಸ್ಟಿನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸಿನಲ್ಲಿ ಸೇರಿದಾಗ ಅಧ್ಯಕ್ಷರು ಅಲ್ಲಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಮ್ಯೂನಿಕ್ಕಿನಲ್ಲಿದ್ದರು. ಆಗಸ್ಟ್ ೧೯ರಂದು, ಸಭೆ ನಡೆಯುತ್ತಿರುವಾಗಲೇ, ಅಲ್ಲಿ ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತು ದಿನಗಳಾಗಿದ್ದವು. ಕನ್ನಡಿ ಇನ್ನೂ ಗುಮ್ಮಟವನ್ನು ಏರಿರಲಿಲ್ಲ.

೧೯೮೬ರ ಜನವರಿಯಲ್ಲಿ, ಹ್ಯಾಲಿ ಧೂಮಕೇತು ಸೂರ್ಯನನ್ನು ಸಮೀಪಿಸುತ್ತಿದ್ದ ದಿನಗಳಲ್ಲಿ, ಆ ದೂರದರ್ಶಕವನ್ನು ರಾಷ್ಟ್ರಕ್ಕೆ ಅರ್ಪಿಸಿ, ಅದಕ್ಕೂ ಕಾವಲೂರಿನ ವೇಧಶಾಲೆಗೂ ಬಪ್ಪು ಅವರ ಹೆಸರಿಟ್ಟರು. ಎರಡು ವರ್ಷಗಳ ತರುವಾಯ, ಅದೇ ಅಂಗಳದ ಸಣ್ಣ ಶ್ಮಿಟ್ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ ರಾಜಮೋಹನ್ ಎಂಬ ವಿಜ್ಞಾನಿಗೆ ಚುಕ್ಕೆಗಳ ನಡುವೆ ಸರಿಯುವ ವಸ್ತುವೊಂದು ಕಂಡಿತು. ಪಾಗ್‌ಸನ್ನರ ಕೊನೆಯ ಶೋಧದಿಂದ ೧೦೩ ವರ್ಷಗಳ ಮೇಲೆ ಭಾರತದಿಂದ ಕಂಡ ಮೊದಲ ಕಿರುಗ್ರಹ ಅದು. ಅದಕ್ಕೆ ರಾಮಾನುಜನ್ ಎಂದು ಹೆಸರಿಟ್ಟರು. ಕಾವಲೂರಿನಿಂದಲೇ ಕಂಡ ಇನ್ನೊಂದಕ್ಕೆ ಯುರೇನಸ್ಸಿಗಾಗಿ ಕಾದು ಕುಳಿತಿದ್ದ ಭಟ್ಟಾಚಾರ್ಯರ ಹೆಸರು ಸಂದಿತು. ಬಪ್ಪು ಅವರ ಹೆಸರಿನ ಕಿರುಗ್ರಹದ ಸಂಖ್ಯೆ ೨೫೯೬.