ಚಾಂಪಿಯನ್ ಕೈಗೆ ಮೈಕು

ರೇಸ್ ಗೆದ್ದವರು ಬಹಳ ಮಂದಿ. ಸ್ಟಿಯರಿಂಗ್ ಬಿಟ್ಟ ಮೇಲೆ ಬರೀ ಮಾತಿನಿಂದಲೇ ಜನರನ್ನು ಟಿ.ವಿ. ಮುಂದೆ ಕೂರಿಸಿದವರು ಕಡಿಮೆ. ಇಂಗ್ಲೆಂಡಿನ ಜೇಮ್ಸ್ ಹಂಟ್ ಅಂಥವರಲ್ಲೊಬ್ಬರು.

1947ರ ಆಗಸ್ಟ್ 29ರಂದು ಸರ್ರೆಯಲ್ಲಿ ಹುಟ್ಟಿದ ಹಂಟ್ ಅವರ ತಂದೆ ಷೇರು ದಲ್ಲಾಳಿ. ಮಗನಿಗೆ ಮಾತ್ರ ಕಾರಿನ ಹುಚ್ಚು. 1976ರಲ್ಲಿ ಮೆಕ್‌ಲಾರೆನ್ ತಂಡದಿಂದ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ನಿಕಿ ಲೌಡಾಗಿಂತ ಹೆಚ್ಚು ಬಂದದ್ದು ಒಂದೇ ಅಂಕ. 1979ರಲ್ಲಿ ಸೀಸನ್ ನಡುವೆಯೇ ನಿವೃತ್ತಿ ಹೇಳಿದರು.

ಆಮೇಲೆ ಬಿಬಿಸಿ ಕಾಮೆಂಟರಿಗೆ ಕರೆಯಿತು. ಜೊತೆಗಾರ ಮರ್ರೆ ವಾಕರ್ ಎದ್ದು ನಿಂತು ಏರುದನಿಯಲ್ಲಿ ಹೇಳುವವರು. ಹಂಟ್ ಅವರದು ಕೂತಲ್ಲೇ ತಣ್ಣನೆಯ ಮಾತು. ಇಬ್ಬರಿಗೂ ಸೇರಿ ಒಂದೇ ಮೈಕು, ಕಿತ್ತಾಟವೂ ಆಗಿದ್ದುಂಟು. ದಾರಿ ಬಿಡದ ಚಾಲಕರನ್ನು ಹಂಟ್ ಮುಲಾಜಿಲ್ಲದೆ ಝಾಡಿಸುತ್ತಿದ್ದರು. ತಾವೇ ಓಡಿಸಿದವರಾದ್ದರಿಂದ ಆ ಮಾತಿಗೆ ತೂಕವಿತ್ತು.

ಮೊದಮೊದಲು ಕುಡಿತ ಜೋರಿತ್ತು. ಗಳಿಸಿದ ದುಡ್ಡೂ ಕರಗಿತು. ಕೊನೆಗೆ ಕುಡಿತ, ಸಿಗರೇಟು ಎರಡೂ ಬಿಟ್ಟು, ಲಂಡನ್ನಿನಲ್ಲಿ ಸೈಕಲ್ ಮೇಲೆ ಓಡಾಡಿದರು.

1993ರ ಜೂನ್ 13ರಂದು ಕೆನಡಾ ರೇಸಿನ ಕಾಮೆಂಟರಿ ಮುಗಿಸಿದರು. ಎರಡು ದಿನಕ್ಕೆ, ಮದುವೆ ಮಾತು ಪಕ್ಕಾ ಆದ ಕೆಲವೇ ಗಂಟೆಗಳಲ್ಲಿ, ವಿಂಬಲ್ಡನ್ನಿನ ಮನೆಯಲ್ಲಿ ಹೃದಯಾಘಾತವಾಯಿತು. ಬದುಕು ಹಳಿಗೆ ಬಂದ ಹೊತ್ತಿಗೇ ಹೋದರು. ವಯಸ್ಸು ಬರೀ 45.