ರುಡಾಲ್ಫ್ ಡೀಸೆಲ್ಲನ ಬಾಳೂ ಎರಡು ಖಂಡಗಳ ಲಾರಿಗಳೂ

ಡೀಸೆಲ್ ಎಂಬ ಶಬ್ದವನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಪಂಪಿನ ಮುಂದೆ ಸಾಲುಗಟ್ಟಿ ನಿಲ್ಲುವ ಲಾರಿಗಳಿಗೆ ತುಂಬುವ ಎಣ್ಣೆಯ ಹೆಸರೆಂದೇ ಅದು ಎಲ್ಲರಿಗೂ ಪರಿಚಿತ. ಆದರೆ ಅದು ಮೊದಲು ಒಬ್ಬ ಮನುಷ್ಯನ ಮನೆತನದ ಹೆಸರಾಗಿತ್ತೆಂಬುದನ್ನೂ, ಆ ಮನುಷ್ಯನು ತನ್ನ ಯಂತ್ರದ ಬಲದಿಂದ ಓಡುವ ಲಾರಿಗಳ ಸಾಲನ್ನು ಕಣ್ಣಾರೆ ಕಾಣದೆಯೇ ಗತಿಸಿದನೆಂಬುದನ್ನೂ ಬಲ್ಲವರು ವಿರಳ.

ಭಾರದ ಲಾರಿಗಳನ್ನು ನಡೆಸುವವರಲ್ಲಿ ಒಂದು ಹಳೆಯ ವಾದವಿದೆ. ಅಮೇರಿಕೆಯ ಲಾರಿ ಮೇಲೋ, ಯುರೋಪಿನ ಲಾರಿ ಮೇಲೋ ಎಂಬುದೇ ಆ ವಾದ. ಒಂದಕ್ಕೆ ಉದ್ದವಾದ ಮೂಗು, ಹೊಳೆಯುವ ಲೋಹದ ಅಲಂಕಾರ, ಆಕಾಶಕ್ಕೆ ಎದ್ದ ಹೊಗೆಕೊಳವೆಗಳು. ಇನ್ನೊಂದಕ್ಕೆ ಗೋಡೆಯಂತೆ ಚಪ್ಪಟೆಯಾದ ಮುಖ, ಎತ್ತರದ ಕ್ಯಾಬಿನ್ನು. ಹೊರಗಣ ರೂಪದಲ್ಲಿ ಇಷ್ಟು ಭಿನ್ನವಾದ ಈ ಎರಡರ ಒಡಲಲ್ಲಿಯೂ ಮಿಡಿಯುತ್ತ ಬಂದ ಹೃದಯ ಒಂದೇ. ಅದನ್ನು ಕೊಟ್ಟವನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇವೆ.

ರುಡಾಲ್ಫ್ ಡೀಸೆಲ್ಲನು ೧೮೫೮ನೆಯ ಇಸವಿ ಮಾರ್ಚ್ ೧೮ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯ ಬವೇರಿಯಾ ಪ್ರಾಂತದವರು. ಹೊಟ್ಟೆಪಾಡಿಗಾಗಿ ಪರದೇಶದಲ್ಲಿ ನೆಲೆಸಿದವರು. ತಂದೆ ಥಿಯೋಡೋರನು ಚರ್ಮದ ಸಾಮಾನುಗಳನ್ನು ಮಾಡಿ ಮಾರುವ ಕಸಬುದಾರ. ಸಿದ್ಧವಾದ ಸರಕನ್ನು ಗಿರಾಕಿಗಳಿಗೆ ಮುಟ್ಟಿಸುವುದು ಬಾಲಕನ ಪಾಲಿನ ಕೆಲಸ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಪರಪ್ರಾಂತದ ನಗರದಲ್ಲಿ ಬೆಳೆಯುತ್ತಿರುವ ನಮ್ಮ ಶಾಲೆಯ ಮಕ್ಕಳಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡುವಾದಾಗಲೆಲ್ಲ ಆತನು ಪ್ಯಾರಿಸಿನ ಕಲೆ-ಕಸಬುಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ ಯಂತ್ರಗಳನ್ನು ನೋಡುತ್ತ ಕಾಲ ಕಳೆಯುತ್ತಿದ್ದನು. ೧೭೭೦ರ ಸುಮಾರಿಗೆ ಫಿರಂಗಿಗಳನ್ನು ಸಾಗಿಸಲೆಂದು ಕ್ಯೂನ್ಯೋ ಎಂಬ ಫ್ರೆಂಚ್ ಇಂಜಿನಿಯರನು ನಿರ್ಮಿಸಿದ ಉಗಿಬಂಡಿಯು ಅಲ್ಲಿಯೇ ಇತ್ತು. ಲಾರಿಗಳ ವಂಶಕ್ಕೆ ಮೂಲಪುರುಷನಂತಿರುವ ಬಂಡಿ ಅದು.

೧೮೭೦ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳಿಗೆ ಯುದ್ಧ ಹತ್ತಿತು. ಜರ್ಮನರಾದ ಡೀಸೆಲ್ ಮನೆಯವರು ಊರು ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಬಡತನ ಬಾಧಿಸಲು, ಹನ್ನೆರಡು ವರ್ಷದ ರುಡಾಲ್ಫನನ್ನು ಜರ್ಮನಿಯ ಆಗ್ಸ್‌ಬರ್ಗ್ ನಗರದ ಬಂಧುಗಳಲ್ಲಿ ಬಿಟ್ಟರು. ಅವನಿಗೆ ಆಶ್ರಯವಿತ್ತ ಬಾರ್ನಿಕೆಲ್ ಎಂಬಾತನು ಗಣಿತದ ಉಪಾಧ್ಯಾಯ. ತಾನು ಇಂಜಿನಿಯರನಾಗಬೇಕೆಂದು ಹುಡುಗನು ಅಲ್ಲಿಯೇ ನಿಶ್ಚಯಿಸಿದನು. ಮುಂದೆ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಪಡೆದು, ಶೀತಲೀಕರಣ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆಯ ಶಿಷ್ಯನಾದನು. ವಿಷಮಶೀತ ಜ್ವರದಿಂದ ಒಮ್ಮೆ ಪರೀಕ್ಷೆ ತಪ್ಪಿತಾದರೂ, ೧೮೮೦ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದನು.

ಲಿಂಡೆಯ ಪಾಠವೊಂದು ಆತನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಆ ಕಾಲದ ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನು ಕೆಲಸಕ್ಕೆ ತಿರುಗಿಸಿದರೆ ಅದೇ ಹೆಚ್ಚು, ಉಳಿದುದೆಲ್ಲ ಗಾಳಿಪಾಲು. ಈ ನಷ್ಟವನ್ನು ತಪ್ಪಿಸುವ ಬಗೆ ಯಾವುದು? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿದ್ದಾರೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸಿಲಿಂಡರಿನಲ್ಲಿ ಗಾಳಿಯನ್ನೇ ಅತಿಯಾಗಿ ಒತ್ತಿ, ಅದು ಕಾದು ಉರಿಯಾಗುವಷ್ಟಾದಾಗ ಎಣ್ಣೆಯನ್ನು ಸಿಡಿಸಿದರೆ, ಕಿಡಿಯ ಹಂಗಿಲ್ಲದೆ ಎಣ್ಣೆಯು ತಾನಾಗಿ ಹೊತ್ತಿಕೊಳ್ಳಬೇಕು. ಡೀಸೆಲ್ಲನ ಯಂತ್ರದ ತತ್ತ್ವವೆಲ್ಲ ಇಷ್ಟೇ. ಹೇಳುವುದು ಸುಲಭ, ಮಾಡಿ ತೋರಿಸಲು ಅವನ ಯೌವನವೆಲ್ಲ ಸವೆಯಿತು.

೧೮೯೩ರಲ್ಲಿ ಪೇಟೆಂಟು ದೊರೆಯಿತು. ಆಗ್ಸ್‌ಬರ್ಗಿನ ಯಂತ್ರ ಕಾರಖಾನೆಯೂ ಕ್ರುಪ್ ಸಂಸ್ಥೆಯೂ ನೆರವಿಗೆ ಬಂದವು. ಅದೇ ವರ್ಷದ ಆಗಸ್ಟ್ ೧೦ರಂದು ಮೊದಲ ಪ್ರಯೋಗದಲ್ಲಿ ಎಣ್ಣೆಯು ಹೊತ್ತಿಕೊಂಡಿತು. ಆದರೆ ಒತ್ತಡವನ್ನಳೆಯುವ ಉಪಕರಣವು ಸಿಡಿದು ಚೂರಾಗಿ, ಬಳಿಯಲ್ಲಿದ್ದವರು ಕೂದಲೆಳೆಯಷ್ಟರಲ್ಲಿ ಪಾರಾದರು. ೧೮೯೪ರ ಫೆಬ್ರವರಿಯಲ್ಲಿ ಯಂತ್ರವು ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ತಿರುಗಿತು. ೧೮೯೭ರ ಫೆಬ್ರವರಿ ೧೭ರಂದು ಪ್ರೊಫೆಸರ್ ಶ್ರೋಟರನು ಪರೀಕ್ಷಿಸಿ ನೋಡಲು, ಅದು ಶಾಖದಲ್ಲಿ ನೂರಕ್ಕೆ ೨೬.೨ ಪಾಲನ್ನು ಕೆಲಸಕ್ಕೆ ತಿರುಗಿಸುವುದು ಕಂಡುಬಂದಿತು. ಇಂಜಿನಿಯರುಗಳ ಲೋಕವೇ ಬೆರಗಾಯಿತು.

ಆದರೆ ಆ ಯಂತ್ರವು ಮೂರು ಮೀಟರು ಎತ್ತರ, ನಾಲ್ಕೂವರೆ ಟನ್ನು ತೂಕ. ಶಕ್ತಿ ಮಾತ್ರ ೨೦ ಕುದುರೆಗಳಷ್ಟು. ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಊದಲು ಪ್ರತ್ಯೇಕ ಗಾಳಿಯಂತ್ರ ಬೇಕಾಗಿತ್ತು. ಅದನ್ನು ಬಂಡಿಯ ಮೇಲಿಟ್ಟರೆ ಬಂಡಿಯು ಯಂತ್ರವನ್ನಷ್ಟೇ ಹೊತ್ತೀತು, ಸರಕನ್ನಲ್ಲ. ಇಲ್ಲಿಯೇ ಡೀಸೆಲ್ಲನ ಬಾಳಿನ ದೊಡ್ಡ ವಿಪರ್ಯಾಸವಿದೆಯೆಂದು ನಮಗೆ ತೋರುತ್ತದೆ. ಉಗಿಯಂತ್ರವನ್ನು ಕೊಳ್ಳಬಲ್ಲವರು ಧನಿಕರು ಮಾತ್ರ. ಆದ್ದರಿಂದಲೇ ದೊಡ್ಡ ಗಿರಣಿಗಳ ಮುಂದೆ ನೇಕಾರನೂ ಬಡಗಿಯೂ ಕಮ್ಮಾರನೂ ಸೋತು ಕೂಲಿಗಳಾದರು. ಚಿಕ್ಕದಾದ, ಮಿತವ್ಯಯದ ಯಂತ್ರವೊಂದು ಕಸಬುದಾರನ ಕೈಗೆ ಬಂದರೆ ಆತನು ತನ್ನ ಕೆಲಸಕ್ಕೆ ತಾನೇ ಒಡೆಯನಾಗಿ ಉಳಿದಾನು ಎಂಬುದು, ಕಸಬುದಾರನ ಮಗನಾದ ಡೀಸೆಲ್ಲನ ಆಶಯವಾಗಿತ್ತು. ನಡೆದುದು ಬೇರೆ. ಯಂತ್ರವು ಭಾರವಾಗಿ, ದುಬಾರಿಯಾಗಿ, ಕಾರಖಾನೆಗಳಿಗೂ ಹಡಗುಗಳಿಗೂ ಸಂದಿತು.

ಹಣವೇನೋ ಹೊಳೆಯಂತೆ ಹರಿದುಬಂದಿತು. ಅಮೇರಿಕೆಯ ಹಕ್ಕನ್ನು ಸೇಂಟ್ ಲೂಯಿಸ್ ನಗರದ ಬಿಯರ್ ತಯಾರಕ ಅಡಾಲ್ಫಸ್ ಬುಷ್ ಎಂಬಾತನು ಹತ್ತು ಲಕ್ಷ ಮಾರ್ಕುಗಳಿಗೆ ಕೊಂಡನು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಬಗೆಯ ಎಂಜಿನ್ನೊಂದು ಶೇಂಗಾ ಎಣ್ಣೆಯಿಂದ ಓಡಿತೆಂಬುದು ನಮ್ಮ ಕಡೆಯ ಓದುಗರಿಗೆ ಸ್ವಾರಸ್ಯವೆನಿಸಬಹುದು. ಮ್ಯೂನಿಕ್ಕಿನಲ್ಲಿ ಡೀಸೆಲ್ಲನು ಅರಮನೆಯಂಥ ಮನೆ ಕಟ್ಟಿಸಿದನು. ಯಂತ್ರದಲ್ಲಿ ಒಂದು ಹನಿ ಎಣ್ಣೆ ಪೋಲಾಗುವುದನ್ನು ಸಹಿಸದವನು ಭೂಮಿಯ ವ್ಯಾಪಾರದಲ್ಲಿಯೂ ಎಣ್ಣೆ ಬಾವಿಗಳಲ್ಲಿಯೂ ಹಣವನ್ನು ನೀರಿನಂತೆ ಕಳೆದನು. ಪೇಟೆಂಟಿನ ವ್ಯಾಜ್ಯಗಳು ಬೆನ್ನಟ್ಟಿದವು. ನರಗಳ ದೌರ್ಬಲ್ಯದಿಂದ ಆರೋಗ್ಯಧಾಮ ಸೇರಬೇಕಾಯಿತು. ೧೯೦೩ರಲ್ಲಿ, ದುಡಿಯುವವರು ತಮ್ಮ ಕಿರುಹಣವನ್ನು ಕೂಡಿಸಿ ತಾವೇ ಕಾರಖಾನೆಗಳ ಒಡೆಯರಾಗುವ ಬಗೆಯನ್ನು ವಿವರಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ಮಾರಾಟವಾದುವು ಕೆಲವೇ ನೂರು ಪ್ರತಿಗಳು. ಲಾರಿಗೆ ಒಪ್ಪುವ ಚಿಕ್ಕ ಎಂಜಿನ್ನಿಗಾಗಿ ೧೯೦೮ರ ಸುಮಾರಿಗೆ ಮಾಡಿದ ಯತ್ನವೂ ಕೈಗೂಡಲಿಲ್ಲ.

೧೯೧೩ರ ಸೆಪ್ಟೆಂಬರ್ ೨೯ರ ಸಂಜೆ ಆತನು ಇಂಗ್ಲೆಂಡಿಗೆ ಹೋಗಲೆಂದು ಆಂಟ್ವರ್ಪಿನಲ್ಲಿ ‘ಡ್ರೆಸ್ಡೆನ್’ ಎಂಬ ಹಡಗನ್ನೇರಿದನು. ಜೊತೆಗಾರರೊಡನೆ ಊಟ ಮಾಡಿ, ಬೆಳಿಗ್ಗೆ ತನ್ನನ್ನು ಎಬ್ಬಿಸಬೇಕೆಂದು ತಿಳಿಸಿ, ಕೋಣೆಗೆ ಹೋದನು. ಬೆಳಗಾದಾಗ ಹಾಸಿಗೆ ಹಾಸಿದಂತೆಯೇ ಇತ್ತು. ಹತ್ತು ದಿನಗಳ ಮೇಲೆ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಸಿಕ್ಕಿತು. ನಾವಿಕರು ಜೇಬಿನ ವಸ್ತುಗಳನ್ನು ತೆಗೆದುಕೊಂಡು ಶವವನ್ನು ನೀರಿಗೇ ಒಪ್ಪಿಸಿದರು. ಆ ವಸ್ತುಗಳನ್ನು ಮಗನು ಗುರುತಿಸಿದನು. ಬದುಕಿದುದು ಐವತ್ತೈದು ವರ್ಷ. ತಾನೇ ಹಾರಿದನೋ, ಜಾರಿದನೋ, ಇತರರ ಕೈವಾಡವೋ ಎಂಬುದು ಇತ್ಯರ್ಥವಾಗಲೇ ಇಲ್ಲ. ಮನೆಯವರ ಪಾಲಿಗೆ ಉಳಿದುದು ಬಹುಪಾಲು ಸಾಲವೇ.

ಡೀಸೆಲ್ಲನು ಕಾಣದ ಲಾರಿಯು ಹತ್ತೇ ವರ್ಷಗಳಲ್ಲಿ ರಸ್ತೆಗಿಳಿಯಿತು. ಗಾಳಿಯಂತ್ರದ ಗೊಡವೆಯಿಲ್ಲದೆ ಎಣ್ಣೆ ಚಿಮ್ಮಿಸುವ ಉಪಾಯ ಸಿದ್ಧಿಸಿದ ಮೇಲೆ, ೧೯೨೩ರಲ್ಲಿ ಬೆಂಜ್ ಸಂಸ್ಥೆಯೂ ೧೯೨೪ರಲ್ಲಿ ಆಗ್ಸ್‌ಬರ್ಗಿನ ಆ ಹಳೆಯ ಕಾರಖಾನೆಯೇ ಆಗಿದ್ದ ಎಂ.ಎ.ಎನ್. ಸಂಸ್ಥೆಯೂ ಡೀಸೆಲ್ ಲಾರಿಗಳನ್ನು ಹೊರತಂದವು. ೧೯೨೭ರಲ್ಲಿ ರಾಬರ್ಟ್ ಬಾಷ್ ಸಂಸ್ಥೆಯು ಎಣ್ಣೆಯ ಪಂಪುಗಳನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿತು. ಇಂಧನ ದುಬಾರಿಯಾದ ಯುರೋಪು ಬೇಗನೆ ಒಪ್ಪಿಕೊಂಡಿತು. ಪೆಟ್ರೋಲು ಅಗ್ಗವಾಗಿದ್ದ ಅಮೇರಿಕೆಯು ಮಾತ್ರ ತಡಮಾಡಿತು. ಅಲ್ಲಿನವರ ಮನವೊಲಿಸಲು ಕ್ಲೆಸಿ ಕಮಿನ್ಸ್ ಎಂಬಾತನು ೧೯೩೧ರಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿನವರೆಗೆ ೩,೨೧೪ ಮೈಲು ಡೀಸೆಲ್ ಲಾರಿಯನ್ನು ಓಡಿಸಿದನು. ಎಣ್ಣೆಗಾದ ವೆಚ್ಚ ಕೇವಲ ೧೧ ಡಾಲರು ೨೨ ಸೆಂಟು! ಆ ಪ್ರಯಾಣದಲ್ಲಿ ಕ್ಯಾಲಿಫೋರ್ನಿಯದ ಘಾಟಿಯೊಂದನ್ನು ಇಳಿಯುವಾಗ ಬ್ರೇಕು ಸೋತು, ಅಡ್ಡ ಬಂದ ರೈಲಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಎಂಜಿನ್ನಿನ ಒತ್ತಡವನ್ನೇ ಬ್ರೇಕಾಗಿಸುವ ಸಾಧನವನ್ನು ಆತನು ಕಡೆಗೂ ಕಂಡುಹಿಡಿದನು. ೧೯೬೧ರಿಂದ ಅದು ಮಾರುಕಟ್ಟೆಗೆ ಬಂದಿತು. ಇಳಿಜಾರಿನಲ್ಲಿ ಅದು ಹೊರಡಿಸುವ ಗುಡುಗಿನ ಸದ್ದು ಊರವರಿಗೆ ಕಿರುಕುಳ, ಚಾಲಕರಿಗೆ ಸಂಗೀತ.

ಎಂಜಿನ್ನಿನ ತತ್ತ್ವ ಒಂದೇ ಆಗಿರಲು, ಲಾರಿಗಳ ಮುಖವೇಕೆ ಬೇರೆಯಾಯಿತು? ಇದಕ್ಕೆ ಉತ್ತರ ಕಾಯಿದೆಯ ಪುಸ್ತಕದಲ್ಲಿದೆ. ಯುರೋಪಿನಲ್ಲಿ ಟ್ರೇಲರು ಸಹಿತವಾದ ಲಾರಿಯ ಒಟ್ಟು ಉದ್ದವನ್ನೇ ಅಳೆಯುತ್ತಾರೆ. ಸಾಮಾನ್ಯ ಮಿತಿ ೧೬.೫ ಮೀಟರು. ಮೂಗಿಗೆ ಕೊಟ್ಟ ಪ್ರತಿ ಮೊಳವೂ ಸರಕಿನ ಜಾಗದಿಂದ ಕಳೆದುಹೋಗುವುದರಿಂದ ಎಂಜಿನ್ನನ್ನು ಚಾಲಕನ ಆಸನದ ಕೆಳಗೆ ತಳ್ಳಿದರು. ಅಮೇರಿಕೆಯಲ್ಲಿಯೂ ಒಂದು ಕಾಲಕ್ಕೆ ಹಾಗೆಯೇ ಇದ್ದು, ಚಪ್ಪಟೆ ಮುಖದ ಲಾರಿಗಳು ಅಲ್ಲಿಯೂ ಹೇರಳವಾಗಿದ್ದವು. ೧೯೮೨ರ ಕಾಯಿದೆಯು ಮುಖ್ಯ ಹೆದ್ದಾರಿಗಳಲ್ಲಿ ಒಟ್ಟು ಉದ್ದದ ಮಿತಿಯನ್ನು ತೆಗೆದು, ಟ್ರೇಲರಿನ ಉದ್ದವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಆ ಮೇಲೆ ಮೂಗು ನಿರಾತಂಕವಾಗಿ ಬೆಳೆಯಿತು.

ಚಾಲಕರ ಒಲವು ಈ ರೂಪಗಳನ್ನೇ ಹಿಂಬಾಲಿಸಿತು. ಅಮೇರಿಕೆಯ ಚಾಲಕನು ಮುಂದಿನ ಅಚ್ಚಿನ ಹಿಂದೆ ಕುಳಿತಿರುವುದರಿಂದ ಕುಲುಕಾಟ ಕಡಿಮೆ. ಬಾನೆಟ್ಟನ್ನು ಮುಂದಕ್ಕೆ ವಾಲಿಸಿದರೆ ಎಂಜಿನ್ನು ಕೈಗೆಟಕುತ್ತದೆ. ಬೆನ್ನ ಹಿಂದೆ ಹಾಸಿಗೆ, ಬೀರು, ತಂಪುಪೆಟ್ಟಿಗೆಗಳುಳ್ಳ ಪುಟ್ಟ ಮನೆ. ಅಲ್ಲಿ ಕೊಳ್ಳುವವನು ಕಮಿನ್ಸ್ ಎಂಜಿನ್ನು ಬೇಕೋ ಬೇರೆಯವರದು ಬೇಕೋ, ಗೇರುಗಳು ಹದಿಮೂರೋ ಹದಿನೆಂಟೋ ಎಂದು ಆರಿಸಿ, ಮದುವೆಯ ಒಡವೆ ಮಾಡಿಸುವಂತೆ ಲಾರಿಯನ್ನು ಮಾಡಿಸಿಕೊಳ್ಳುವ ರೂಢಿ ಬೆಳೆದುಬಂದಿತು. ಎಂಜಿನ್ನಿನ ದನಿಯನ್ನು ಕಿವಿಯಿಂದಲೇ ಅಳೆದು, ಕ್ಲಚ್ಚು ತುಳಿಯದೆ ಗೇರು ಬದಲಿಸುವುದು ಅಲ್ಲಿನ ಹಳಬರ ಹೆಮ್ಮೆ. ಕೆನ್ವರ್ಥ್, ಪೀಟರ್‌ಬಿಲ್ಟ್ ಎಂಬ ಹೆಸರುಗಳನ್ನು ಅವರು ಉಚ್ಚರಿಸುವುದು ಸಂಗೀತದ ಮನೆತನಗಳನ್ನು ಹೇಳುವ ಗತ್ತಿನಲ್ಲಿ.

ಯುರೋಪಿನ ಚಾಲಕನಿಗೂ ಹೆಮ್ಮೆಗೆ ಕೊರತೆಯಿಲ್ಲ. ಇಕ್ಕಟ್ಟಾದ ಹಳೆಯ ಪಟ್ಟಣಗಳಲ್ಲಿ ನಲವತ್ತು ಟನ್ನಿನ ಲಾರಿಯನ್ನು ತಿರುಗಿಸಬೇಕಾದ ಅವನಿಗೆ, ಎತ್ತರದಲ್ಲಿ ಕುಳಿತು ಗಾಜಿನ ಬುಡದಿಂದಲೇ ರಸ್ತೆ ಕಾಣುವುದು ವರವೇ ಸರಿ. ಎಂಜಿನ್ನು, ಗೇರು, ಕ್ಯಾಬಿನ್ನುಗಳನ್ನು ಬಹುಮಟ್ಟಿಗೆ ಒಂದೇ ಸಂಸ್ಥೆಯು ಒಂದಕ್ಕೊಂದು ಹೊಂದುವಂತೆ ರಚಿಸುತ್ತದೆ. ಸ್ವೀಡನ್ನಿನ ಸ್ಕಾನಿಯ ಸಂಸ್ಥೆಯು ೧೯೬೯ರಲ್ಲಿ ತಂದ ೩೫೦ ಕುದುರೆಶಕ್ತಿಯ ಎಂಟು ಸಿಲಿಂಡರಿನ ಎಂಜಿನ್ನಿಗೆ ಅಲ್ಲಿ ಭಕ್ತಮಂಡಲಿಯೇ ಇದೆ. ರಿಪೇರಿಗೆ ಇಡೀ ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಬೇಕಾಗುವುದರಿಂದ, ಒಳಗೆ ಚಹದ ಲೋಟವನ್ನು ಮರೆತವನ ಗತಿಯನ್ನು ಓದುಗರೇ ಊಹಿಸಬಹುದು. ಯುರೋಪಿನಲ್ಲಿ ಗಂಟೆಗೆ ೯೦ ಕಿಲೋಮೀಟರಿಗೆ ಮೀರದಂತೆ ಯಂತ್ರವೇ ತಡೆಯುತ್ತದೆ. ನಾಲ್ಕೂವರೆ ಗಂಟೆ ನಡೆಸಿದ ಮೇಲೆ ಮುಕ್ಕಾಲು ಗಂಟೆಯ ವಿರಾಮ ಕಡ್ಡಾಯ. ಅಮೇರಿಕೆಯವನು ಇದನ್ನು ಬಂಧನವೆಂದಾನು. ರಾತ್ರಿಯೆಲ್ಲ ನಿದ್ದೆಗೆಟ್ಟು ಸ್ಟೇರಿಂಗು ಹಿಡಿಯುವ ಚಾಲಕರನ್ನು ಕಂಡಿರುವ ನಾವು ಆ ವಿರಾಮದ ಪಕ್ಷದವರು.

ನಮ್ಮ ಮುಂಬಯಿ ಎರಡೂ ಕುಲದ ಲಾರಿಗಳನ್ನು ಕಂಡ ನಗರ. ಸ್ವಾತಂತ್ರ್ಯದ ಬಳಿಕ ಇಲ್ಲಿನ ಕುರ್ಲಾದಲ್ಲಿ ಪ್ರೀಮಿಯರ್ ಸಂಸ್ಥೆಯು ಅಮೇರಿಕೆಯ ಡಾಜ್, ಫಾರ್ಗೊ ಲಾರಿಗಳನ್ನು ಸಿದ್ಧಪಡಿಸಿತು. ೧೯೫೪ರಲ್ಲಿ ಟಾಟಾ ಸಂಸ್ಥೆಯು, ಬೆಂಜ್ ಸಂಸ್ಥೆಯ ಉತ್ತರಾಧಿಕಾರಿಯಾದ ಡೈಮ್ಲರ್-ಬೆಂಜಿನೊಡನೆ ಕೂಡಿ ಜಮಶೇದಪುರದಲ್ಲಿ ಡೀಸೆಲ್ ಲಾರಿಗಳ ತಯಾರಿಕೆಗೆ ತೊಡಗಿತು. ಆ ಒಪ್ಪಂದ ೧೯೬೯ರವರೆಗೆ ನಡೆಯಿತು. ಜರ್ಮನಿಯ ಎಂಜಿನ್ನಿದ್ದರೂ ಆ ಲಾರಿಗಳಿಗೆ ದುಂಡನೆಯ ಮೂಗಿತ್ತು.

ಒಂದೇ ಲಾರಿಯನ್ನು ಕೊಂಡು ತಾನೇ ನಡೆಸುವ ಒಡೆಯ-ಚಾಲಕರು ಅಮೇರಿಕೆಯಲ್ಲಿ ಅಸಂಖ್ಯರು; ನಮ್ಮ ದೇಶದಲ್ಲಿಯೂ ಅವರಿಗೆ ಕೊರತೆಯಿಲ್ಲ. ಡೀಸೆಲ್ಲನು ಬಡಗಿಯ, ಕಮ್ಮಾರನ ಅಂಗಡಿಯಲ್ಲಿ ಕಾಣಬಯಸಿದ ಯಂತ್ರವು ಅವನ ಕಾಲಾನಂತರ ಹೀಗೆ ಗಾಲಿಗಳ ಮೇಲೆ ಕಸಬುದಾರನ ಸ್ವಂತ ಸೊತ್ತಾಯಿತು. ಯಾರಲ್ಲಿಯೂ ಕೂಲಿಗೆ ನಿಲ್ಲದ ಆ ಚಾಲಕನು ಲಾರಿಗೆ ಬಣ್ಣ ಬಳಿಸಿ, ಮಕ್ಕಳ ಹೆಸರು ಬರೆಸಿ, ತಿಂಗಳು ತಿಂಗಳಿಗೆ ಸಾಲದ ಕಂತನ್ನು ಕಟ್ಟುತ್ತ ದುಡಿಯುತ್ತಾನೆ. ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೆ ನಿಂತ ೧೮೯೭ರ ಆ ಎತ್ತರದ ಎಂಜಿನ್ನನ್ನು ಮ್ಯೂನಿಕ್ಕಿನ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಕಾಯ್ದಿರಿಸಿದ್ದಾರೆ.